ಸಮಾಧಿಯಿಂದ ಹೊಳೆಗೆ ಹನ್ನೊಂದು ಹೆಜ್ಜೆ

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಸ್ವಂತ ಹೊಲದಲ್ಲೇ ಕೂರಿಸಿ ಮಣ್ಣು ಮಾಡುತ್ತೇವೆ. ಅತ್ತೆ ಸಾಯುವ ಮುಂಚೆ ತನ್ನ ಜಾಗವನ್ನು ತಾನೇ ತೋರಿಸಿದ್ದಳು. "ನನ್ನನ್ನ ಹೊಳಿ ಮಗ್ಗಲಕ್ಕ ಕುಂಡ್ರಸ್ರಿ, ನೀರಿನ ಸಪ್ಪಳ ಕೇಳಕೋತ ಇರತೇನಿ" ಅಂದಿದ್ದಳು. ಅನಗವಾಡಿ ಕಡೆ ಹೊಳೆಯ ದಂಡೆಗಿರುವ ನಮ್ಮ ಕಬ್ಬಿನ ಹೊಲದಲ್ಲಿ ಅವಳನ್ನು ಕೂರಿಸಿದ ದಿನ, ಸಮಾಧಿಯಿಂದ ದಂಡೆಯ ಅಂಚಿಗೆ ಹದಿನೆಂಟು ಹೆಜ್ಜೆ ಇತ್ತು.

ಆ ಅಂಚಿನುದ್ದಕ್ಕೂ ಮೊದಲು ಲಕ್ಕಿ ಗಿಡಗಳ ದಟ್ಟ ಸಾಲಿತ್ತು. ಊರಲ್ಲಿ ಯಾರೇ ಹಡೆಯಲಿ, ಬಾಣಂತಿಗೆ ಎರೆಯುವ ನೀರಿಗೆ ಸೊಪ್ಪು ಅಲ್ಲಿಂದಲೇ ಹೋಗಬೇಕು. ನನ್ನ ಎರಡೂ ಬಾಣಂತನದಲ್ಲಿ ಅತ್ತೆ ಆ ಸೊಪ್ಪು ಕುದಿಸಿದ ಸುಡುನೀರನ್ನು ಸೊಂಟದ ಮೇಲೆ ಹೊಯ್ದು, ನಾನು ಕಿರುಚಿದಷ್ಟೂ ಬೈದಿದ್ದಳು. ಅದೇ ಸಾಲನ್ನು ಕೀಳಿಸಿದವಳು ನಾನು. ಗಂಡನ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಹಂದಿಗಳು ಅಡಗುತ್ತವೆ, ಕಿತ್ತರೆ ಇನ್ನೆರಡು ಸಾಲು ಕಬ್ಬು ಹಿಡಿಯುತ್ತದೆ ಎಂದು ದಿನಾ ಅವರ ತಲೆ ತಿಂದದ್ದು ನಾನೇ. ಜೆಸಿಬಿ ಬಂದ ದಿನ ಅತ್ತೆ ಬದುವಿನ ಮೇಲೆ ಕೂತು, "ಆ ಬೇರಿನಿಂದನ ದಂಡಿ ನಿಂತೈತಿ, ಹುಚ್ಚಿ" ಎಂದಳು. ನಾನು ನಕ್ಕೆ. ಅದಾಗಿ ವರ್ಷ ತುಂಬುವುದರೊಳಗೆ ಅವಳು ಹೋದಳು.

ಆಣೆಕಟ್ಟಿನ ಹಿನ್ನೀರು ಏರಿದಾಗ ದಂಡೆಯ ಕರಿ ಮಣ್ಣು ನೆನೆಯುತ್ತದೆ. ಇಳಿದಾಗ ಬಿರಿದು, ಗೋಡೆಯಷ್ಟು ದೊಡ್ಡ ಹೆಂಟೆ ದೊಪ್ಪನೆ ಹೊಳೆಗೆ ಬೀಳುತ್ತದೆ. ಮೂರೇ ಮಳೆಗಾಲದಲ್ಲಿ ಹದಿನೆಂಟು ಹೆಜ್ಜೆ ಹನ್ನೊಂದಾಯಿತು. ಅಳೆದು ಅಳೆದು ನನಗೆ ಅನ್ನ ಸೇರದಾಯಿತು.

ಒಂದು ದಿನ ಫೋನಿನಲ್ಲಿ ಕಾರವಾರದ ಕಡೆಯ ಹೆಂಗಸರನ್ನು ನೋಡಿದೆ. ಸಮುದ್ರ ದಂಡೆಯನ್ನು ತಿನ್ನದಿರಲೆಂದು ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಬೇರಿನಿಂದ ಮಣ್ಣು ಹಿಡಿಯುವ ಕಾಂಡ್ಲಾ ಸಸಿ ನೆಡುತ್ತಿದ್ದರು. ಗಂಡನಿಗೆ ತೋರಿಸಿದೆ.

"ಅವರಿಗೆ ಸಮುದ್ರದ್ದ ಚಿಂತಿ. ನಮ್ಮ ಹೊಳಿ ಯಾರ ಮಾತ ಕೇಳತೈತಿ?" ಎಂದರು.

"ಹೊಳಿ ಕೇಳೂದು ಬ್ಯಾಡ್ರಿ, ನೀವು ಕೇಳ್ರಿ" ಎಂದೆ.

ದಂಡೆಯಲ್ಲಿ ಕುರಿ, ಆಡು ಮೇಯಿಸುವ ಕುರುಬರ ಮುತ್ಯಾ ಒಬ್ಬರು ಹಳ್ಳದಿಂದ ಲಕ್ಕಿಯ ಟೊಂಗೆಗಳ ಹೊರೆಯನ್ನೇ ತಂದುಕೊಟ್ಟರು. "ನೀರ ಇಳಿಯೂ ಹೊತ್ತಿನ್ಯಾಗ ಹಸಿ ಮಣ್ಣಾಗ ಚುಚ್ಚವ್ವಾ, ಹತ್ತತಾವ. ನಮ್ಮ ಆಡು ಕಹಿ ಅಂತ ಬಾಯಿ ಹಾಕೂದಿಲ್ಲ" ಎಂದರು. ನಾನು, ಗಂಡ ಇಬ್ಬರೂ ಕೆಸರಿಗಿಳಿದು ಚುಚ್ಚಿದೆವು. ಹತ್ತಿದವು. ಮುಂದಿನ ಮಳೆಗಾಲ ಹನ್ನೊಂದು ಹನ್ನೊಂದೇ ಉಳಿಯಿತು! ಆ ವರ್ಷ ಪಕ್ಕದ ಮನೆಯ ಬಾಣಂತಿಗೆ ಒಂದು ಹಿಡಿ ಸೊಪ್ಪನ್ನೂ ಕೊಟ್ಟೆ. ಅತ್ತೆ ನನ್ನನ್ನು ಕ್ಷಮಿಸಿದಳು ಅಂದುಕೊಂಡೆ.

ಕಬ್ಬು ಕಡಿದು ಮುಧೋಳದ ಫ್ಯಾಕ್ಟರಿಗೆ ಹೋದಮೇಲೆ ಹೊಲದ ತುಂಬ ಒಣಗಿದ ಗರಿ, ರವದಿ ಬಿದ್ದಿರುತ್ತದೆ. ಉಳಿದ ಬುಡದಿಂದ ಕುಳೆ ಚಿಗುರಲೆಂದು ಅದಕ್ಕೆ ಬೆಂಕಿ ಹಚ್ಚುವುದು ನಮ್ಮ ರೂಢಿ. ಸತ್ತವಳಿಗೆ ಬೆಂಕಿ ಸೋಕಬಾರದಲ್ಲ, ಅದಕ್ಕೆ ನಾನು ಸಮಾಧಿಯ ಸುತ್ತಲಿನ ರವದಿಯನ್ನೆಲ್ಲ ಬಳಿದು ದೂರ ಸರಿಸಿ, ನೀರು ಚಿಮುಕಿಸಿ, ಕೈಮುಗಿದು ಕಡ್ಡಿ ಗೀರಿದೆ. ಮಧ್ಯಾಹ್ನದ ಗಾಳಿ ಹೊಳೆಯ ಕಡೆ ತಿರುಗಿತು. ಸಮಾಧಿಗೆ ಒಂದು ಕಿಡಿಯೂ ತಾಗಲಿಲ್ಲ. ಅವಳನ್ನು ಕಾಯಲು ನೆಟ್ಟ ಲಕ್ಕಿಯ ಸಾಲು ಮಾತ್ರ ಚಟಪಟ ಉರಿದುಹೋಯಿತು. ಅದರ ಸುತ್ತ ರವದಿ ಬಳಿಯಬೇಕೆಂದು ನನಗೆ ಹೊಳೆಯಲೇ ಇಲ್ಲ. ನನ್ನ ಬುದ್ಧಿಗೆ ಬೆಂಕಿ ಹಾಕಬೇಕಿತ್ತು.

ಸುಟ್ಟ ಬುಡಗಳಿಗೆ ತಿಂಗಳುಗಟ್ಟಲೆ ಕೊಡದಿಂದ ನೀರು ಹೊತ್ತೆ. ಒಂದೂ ಚಿಗುರಲಿಲ್ಲ.

ಮಳೆಗಾಲ ಹತ್ತಿರ ಬಂದಾಗ ಗಂಡ ಮೆಲ್ಲಗೆ, "ಅವ್ವನ್ನ ಎತ್ತಿ ಮ್ಯಾಲಿನ ಹೊಲದಾಗ ಕುಂಡ್ರಸೂಣೇನ?" ಎಂದು ಕೇಳಿದರು.

"ಕುಂತಾಕಿನ್ನ ಎಬ್ಬಸಬಾರದರಿ. ಹನ್ನೊಂದ ಹೆಜ್ಜಿ ಐತಿ" ಎಂದೆ. ಅದೂ ನನ್ನದೇ ಮಾತು.

ಆ ಮಳೆಗಾಲ ಮೇಲಿನ ಆಣೆಕಟ್ಟುಗಳಿಂದ ನೀರು ಬಿಟ್ಟು ಹೊಳೆ ಹೊಲಕ್ಕೇ ನುಗ್ಗಿತು. ನೀರು ಇಳಿದಮೇಲೆ ಹೋಗಿ ನೋಡಿದೆವು. ದಂಡೆ ಸಮಾಧಿಯಿದ್ದ ಜಾಗಕ್ಕಿಂತ ಈಚೆ ಬಂದು ನಿಂತಿತ್ತು. ಅಳೆಯಲು ಏನೂ ಇರಲಿಲ್ಲ. ಗಂಡ ತಲೆಯ ಮೇಲೆ ಕೈ ಹೊತ್ತು ಕೂತರು. ಕೆಳಗೆ ನೀರಿನ ಸಪ್ಪಳ ಕೇಳುತ್ತಿತ್ತು.

ಈ ವರ್ಷದ ಕಬ್ಬೂ ಕಡಿದಾಯಿತು. ಮೊನ್ನೆ ಗಂಡ ಹೊಲಕ್ಕೆ ಹೊರಟು ಕಡ್ಡಿಪೆಟ್ಟಿಗೆ ಕೇಳಿದರು. ಕೊಟ್ಟೆ. ರೂಢಿಯಂತೆ ರವದಿ ಬಳಿಯಲು ನಾನೂ ಕೈಕುಂಟೆ ಹಿಡಿದು ಹೊಸ್ತಿಲವರೆಗೆ ಹೋದೆ. ಸುತ್ತ ಬಳಿಯಲು ಅಲ್ಲಿ ಅತ್ತೆ ಇಲ್ಲವೆಂಬುದು ಆಮೇಲೆ ನೆನಪಾಯಿತು.