ಅಕ್ಕ ಕಟ್ಟಿದ ಮೊಳಕೆ, ನಾನು ಕಾಯಿಸಿದ ಬಿಯರ್

“ನಿಮ್ ಕೈಗುಣ ಬಲು ಚೆನ್ನಾಗೈತೆ ಅಕ್ಕಾ. ನಿಮ್ ಮಾಲ್ಟ್ ಇಲ್ದೇ ಹೋಗಿದ್ರೆ ನಮ್ ಸಾರ್ ಮಾಡಿದ್ ಬಿಯರ್ ಅಷ್ಟು ಚೆನ್ನಾಗಿ ಬರ್ತಾನೇ ಇರ್ಲಿಲ್ಲ.”

ಊಟದ ಪಂಕ್ತಿಯಲ್ಲಿ ಕೂತು ನನ್ನ ಸಹೋದ್ಯೋಗಿ ವೆಂಕಟರವಣಪ್ಪ ಈ ಮಾತು ಹೇಳಿದಾಗ ನಾನು ಪಾಯಸದ ಬಕೆಟ್ ಹಿಡಿದು ನಿಂತಿದ್ದೆ. ಆತ ಹೇಳಿದ್ದು ಹೊಗಳಿಕೆ. ಮನಸಾರೆ ಹೇಳಿದ್ದು. ಆದರೆ ಅದನ್ನು ಕೇಳಿಸಿಕೊಂಡ ನನ್ನ ಅಕ್ಕ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿ ಎದ್ದುಬಿಟ್ಟಳು.

ಮೊಮ್ಮಗನಿಗೆ ಮೊದಲ ಅನ್ನ ತಿನ್ನಿಸುವ ದಿನ ಅದು. ಕೋಲಾರದ ನಮ್ಮ ಮನೆಯ ಮುಂದೆ ಪುಟ್ಟ ಶಾಮಿಯಾನ, ನಲವತ್ತು ಜನ ನೆಂಟರು. ಅಕ್ಕ ಅರ್ಧ ಊಟಕ್ಕೇ ಎದ್ದಳೆಂದರೆ ಏನೋ ದೊಡ್ಡ ತಪ್ಪೇ ಆಗಿದೆ ಎಂದು ಎಲ್ಲರಿಗೂ ಅರ್ಥವಾಯಿತು. ಆ ತಪ್ಪು ಏನು, ಯಾರದು ಎನ್ನುವುದು ಮಾತ್ರ ನನಗೊಬ್ಬನಿಗೇ ಗೊತ್ತಿತ್ತು.

ಹೇಳುತ್ತೇನೆ. ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿರುವ ಓದುಗರು ಯಾರಾದರೂ ಇದ್ದರೆ, ಈ ವಾರ ಅದನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಿ.

ಮೂವತ್ತು ವರ್ಷ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿದವನಿಗೆ ರಿಟೈರ್‌ಮೆಂಟ್ ಹತ್ತಿರ ಬಂದಾಗ ಏನಾದರೊಂದು ಹುಚ್ಚು ಹಿಡಿಯಬೇಕಲ್ಲ? ಕೆಲವರಿಗೆ ವಾಕಿಂಗ್, ಕೆಲವರಿಗೆ ಅಧ್ಯಾತ್ಮ. ನನಗೆ ಮನೆಯಲ್ಲೇ ಬಿಯರ್ ತಯಾರಿಸುವ ಹುಚ್ಚು ಹಿಡಿಯಿತು. (ಅದಕ್ಕೆ ಲೈಸೆನ್ಸ್ ಬೇಡವೇ ಎಂದು ಕೇಳುತ್ತೀರಿ. ಬೇಕು. ನನ್ನ ಹತ್ತಿರ ಇರಲಿಲ್ಲ. ಈಗ ಸಾಮಾನೆಲ್ಲ ಗುಜರಿಗೆ ಹೋಗಿದೆ.)

ಬಿಯರಿಗೆ ಬೇಕಾದ್ದು ನಾಲ್ಕೇ. ನೀರು, ಯೀಸ್ಟ್, ಮಾಲ್ಟ್ ಮತ್ತು ಹಾಪ್ಸ್. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಹಾಪ್ಸ್ ಎಂದರೆ ಕಹಿಗೂ ಪರಿಮಳಕ್ಕೂ ಹಾಕುವ ಒಂದು ಬಳ್ಳಿಯ ಒಣಗಿದ ಹೂವು. ಪಳಗಿದವರು ನಾಲ್ಕೈದು ಬಗೆಯ ಮಾಲ್ಟ್, ಮೂರ್ನಾಲ್ಕು ಬಗೆಯ ಹಾಪ್ಸ್ ಬೆರೆಸುತ್ತಾರೆ. ಕಲಿಯುವವನು ಹಾಗೆ ಮಾಡಬಾರದಂತೆ. ಒಂದೇ ಮಾಲ್ಟ್, ಒಂದೇ ಹಾಪ್ ಹಾಕಬೇಕು. ಆಗ ಯಾವುದು ಯಾವುದರ ರುಚಿ ಎಂದು ನಾಲಿಗೆಗೆ ತಿಳಿಯುತ್ತದೆ. ಲ್ಯಾಬಿನಲ್ಲಿ ನಾನು ಹುಡುಗರಿಗೆ ಬಡಿದುಕೊಂಡಿದ್ದೂ ಇದನ್ನೇ ಅಲ್ಲವೇ? ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಿ ಅಂತ.

ಹಾಪ್ಸ್ ಕೊರಿಯರಿನಲ್ಲಿ ಬಂತು. ಮಾಲ್ಟ್ ಕೂಡ ಪ್ಯಾಕೆಟ್ಟಿನಲ್ಲಿ ಸಿಗುತ್ತಿತ್ತು. ಆದರೆ ಇರುವುದೇ ಒಂದು ಮಾಲ್ಟ್, ಅದನ್ನೂ ಯಾರೋ ಮಾಡಿದ್ದು ತಂದು ಸುರಿದರೆ ನಾನು ಮಾಡಿದ್ದು ಎನ್ನುವುದಕ್ಕೆ ಏನು ಉಳಿಯಿತು? ಹಾಗಾಗಿ ಬಾರ್ಲಿಯನ್ನು ನಾನೇ ಮೊಳಕೆ ಬರಿಸಲು ಹೊರಟೆ. ಮೊದಲ ಸಲ ದಿನಸಿ ಅಂಗಡಿಯ ಬಿಳೀ ಬಾರ್ಲಿ ನೆನೆಹಾಕಿದೆ. ಹೊಟ್ಟು ತೆಗೆದು ಪಾಲಿಶ್ ಮಾಡಿದ ಕಾಳು ಮೊಳೆಯುವುದಿಲ್ಲ ಎಂದು ಈ ಕೆಮಿಸ್ಟ್ರಿ ಮೇಷ್ಟ್ರಿಗೆ ಹೊಳೆದದ್ದು ಮೂರನೆಯ ದಿನ, ಮನೆಯೆಲ್ಲ ವಾಸನೆ ಬಂದಮೇಲೆ. ಎರಡನೆಯ ಸಲ ಬೆಂಗಳೂರಿನಿಂದ ಹೊಟ್ಟು ಸಮೇತ ಇರುವ ಬಾರ್ಲಿ ತರಿಸಿದೆ. ಅರ್ಧ ಮೊಳೆಯಿತು, ಇನ್ನರ್ಧಕ್ಕೆ ಬೂಷ್ಟು ಹಿಡಿಯಿತು.

ಆಗ ಅಕ್ಕ ನೆನಪಾದಳು.

ಅಕ್ಕನ ಮನೆ ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಲ್ಲಿ. ಆ ಊರಿನಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಐದನೆಯ ತಿಂಗಳಿಗೆ ಅಕ್ಕನ ಮನೆಯಿಂದ ಒಂದು ಡಬ್ಬಿ ರಾಗಿ ಮಾಲ್ಟ್ ಹೋಗುತ್ತದೆ. ರಾಗಿಯನ್ನು ರಾತ್ರಿ ನೆನೆಸಿ, ಬೆಳಗ್ಗೆ ಬಸಿದು, ಒದ್ದೆ ಪಂಚೆಯಲ್ಲಿ ಗಂಟು ಕಟ್ಟಿ, ಮೇಲೊಂದು ಕಲ್ಲು ಹೇರುತ್ತಾಳೆ. ಆಗಾಗ ಗಂಟಿನೊಳಗೆ ಕೈ ತೂರಿಸಿ ಬಿಸಿ ನೋಡುತ್ತಾಳೆ. ಮೊಳಕೆ ಎಷ್ಟು ಬಂದಿದೆ ಎಂದು ಬಿಚ್ಚಿ ನೋಡದೆ ಹೇಳುತ್ತಾಳೆ. ನಾನು ಥರ್ಮಾಮೀಟರ್ ಇಟ್ಟುಕೊಂಡು ಕೆಡಿಸಿದ್ದನ್ನು ಅವಳು ಅಂಗೈಯಲ್ಲಿ ಮಾಡುತ್ತಾಳೆ.

ಆದರೆ ಒಂದು ತೊಡಕಿತ್ತು. ನನ್ನ ಭಾವ ಹಿಂದೆ ಬಹಳ ಕುಡಿಯುತ್ತಿದ್ದರು. ಟೊಮೊಟೊ ಲಾರಿ ಓಡಿಸುತ್ತಿದ್ದವರು, ಕೋಲಾರದ ಮಂಡಿಯಲ್ಲಿ ಲೋಡು ಇಳಿಸಿ ಎಲ್ಲೆಲ್ಲೋ ಬಿದ್ದಿರುತ್ತಿದ್ದರು. ಹದಿನೆಂಟು ವರ್ಷದ ಹಿಂದೆ ಅಕ್ಕ ಅವರನ್ನು ಕುರುಡುಮಲೆ ಗಣಪನ ಮುಂದೆ ನಿಲ್ಲಿಸಿದಳು. ಭಾವ ಕುಡಿಯುವುದಿಲ್ಲ ಎಂದು ಆಣೆ ಮಾಡಿದರು. ಪಕ್ಕದಲ್ಲಿ ಒದ್ದೆ ಸೀರೆಯಲ್ಲಿ ನಿಂತಿದ್ದ ಅಕ್ಕ ತಾನೂ ಒಂದು ಹರಕೆ ಹೊತ್ತಳು. ಇನ್ನು ಮೇಲೆ ಕುಡಿತಕ್ಕಾಗಿ ತನ್ನ ಕೈಯಿಂದ ಏನೂ ಹೋಗುವುದಿಲ್ಲ ಎಂದು.

ಏನೂ ಎಂದರೆ ಏನೂ ಇಲ್ಲ. ಮಾವಿನ ಕೊಯ್ಲಿಗೆ ಬಂದ ಆಳುಗಳು ಸಂಜೆ ಲೋಟ ಕೇಳಿದರೆ ಕೊಡುವುದಿಲ್ಲ. ನಂಚಿಕೊಳ್ಳಲು ಈರುಳ್ಳಿ ಕೇಳಿದರೆ ಇಲ್ಲ. ಪಕ್ಕದ ಮನೆಯವರು ನಿಂಬೆಹಣ್ಣು ಕೇಳಿದರೂ “ಯಾತಕ್ಕೆ?” ಎಂದು ವಿಚಾರಿಸಿಯೇ ಕೊಡುತ್ತಾಳೆ. ಊರಿನವರು ನಗುತ್ತಾರೆ. ಭಾವ ಹದಿನೆಂಟು ವರ್ಷದಿಂದ ಒಂದು ಹನಿ ಮುಟ್ಟಿಲ್ಲ. ಅದು ಅವರ ಆಣೆಯಿಂದಲೋ ಅವಳ ಹರಕೆಯಿಂದಲೋ ಎಂದು ನಾನು ಒಮ್ಮೆ ತಮಾಷೆಗೆ ಕೇಳಿದ್ದಕ್ಕೆ, “ಎರಡೂ ಒಂದೇ ಹಗ್ಗ ಕಣೋ, ಒಂದ್ ಕಡೆ ಬಿಟ್ರೂ ಬಿಚ್ಕಂತದೆ” ಅಂದಿದ್ದಳು.

ಇಷ್ಟೆಲ್ಲ ಗೊತ್ತಿದ್ದೂ ನಾನು ನಾಲ್ಕು ಕೆಜಿ ಬಾರ್ಲಿ ಹೊತ್ತುಕೊಂಡು ಯಲ್ದೂರಿಗೆ ಹೋದೆ.

“ಅಕ್ಕಾ, ಇದಕ್ಕೆ ಮೊಳಕೆ ಕಟ್ಟಿ ಮಾಲ್ಟ್ ಮಾಡ್ಕೊಡ್ತೀಯಾ?”

ಅವಳ ಮುಖ ಅರಳಿತು. “ನಾನೇ ಮಾಡಿ ಕಳಿಸೋಣ ಅಂತಿದ್ದೆ ಕಣೋ. ಮಗೂಗೆ ಐದು ತಿಂಗ್ಳು ತುಂಬ್ತಲ್ಲ. ಬಾರ್ಲಿ ಯಾಕೆ, ರಾಗಿ ಒಗ್ಗಲ್ವಾ ನಿಮ್ ಮೊಮ್ಮಗನಿಗೆ? ಆಗ್ಲಿ, ಈಗಿನ ಡಾಕ್ಟ್ರು ಏನೇನೋ ಹೇಳ್ತಾರೆ.”

ಇಡೀ ಊರಿಗೆ “ಯಾತಕ್ಕೆ?” ಎಂದು ಕೇಳುವ ಅಕ್ಕ ನನ್ನನ್ನು ಕೇಳಲಿಲ್ಲ. ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ. ನಾನು ಹೂಂ ಅನ್ನಲಿಲ್ಲ. ಉಹೂಂ ಅನ್ನಲೂ ಇಲ್ಲ. ಕೊಟ್ಟ ಕಾಫಿ ಕುಡಿದೆ.

ಅಲ್ಲಿಗೆ ನಿಂತಿದ್ದರೆ ‘ನಾನು ಸುಳ್ಳು ಹೇಳಲಿಲ್ಲ, ಅವಳೇ ತಪ್ಪು ತಿಳಿದಳು’ ಎಂದು ವಾದ ಮಾಡಬಹುದಿತ್ತು. ಆದರೆ ಎರಡು ದಿನ ಬಿಟ್ಟು ಅವಳ ಫೋನ್ ಬಂತು.

“ಲೋ, ಈ ಕಾಳಿನ್ ಮೇಲೆ ಹೊಟ್ಟೈತಲ್ಲೋ. ಮಗೂ ಗಂಟ್ಲಿಗೆ ಸಿಕ್ಕಾಕ್ಕೊಂಡ್ರೆ ಏನ್ ಗತಿ?”

“ಮಿಕ್ಸಿಗೆ ಹಾಕಿ ಸಣ್ಣ ಜರಡಿ ಹಿಡೀತೀವಿ ಅಕ್ಕಾ” ಅಂದೆ. ಒಂದು ಕ್ಷಣವೂ ತಡವರಿಸಲಿಲ್ಲ. ಅಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ವಾರದ ಮೇಲೆ ಮಾಲ್ಟ್ ತರಲು ಹೋದೆ. ಒಂದೊಂದು ಕಾಳೂ ಒಂದೇ ಹದದಲ್ಲಿ ಮೊಳೆತಿತ್ತು. ಬೇರುಗಳನ್ನು ಅಂಗೈಯಲ್ಲಿ ಉಜ್ಜಿ ತೆಗೆದು, ಮೊರದಲ್ಲಿ ಕೇರಿ, ನೆರಳಲ್ಲಿ ಒಣಗಿಸಿ, ನಾನು ಹೇಳಿದ ಹಾಗೆಯೇ ಸಣ್ಣ ಉರಿಯಲ್ಲಿ ಬಣ್ಣ ತಿರುಗದಂತೆ ಬೆಚ್ಚಗೆ ಮಾಡಿದ್ದಳು. ಬಿಳೀ ಬಟ್ಟೆಯಲ್ಲಿ ಗಂಟು ಕಟ್ಟಿ, ದೇವರ ಮುಂದಿಟ್ಟು, ಗಂಟಿನ ಮೇಲೆ ಅರಿಶಿನ ಕುಂಕುಮ ಹಚ್ಚಿದ್ದಳು. ಮೊಮ್ಮಗನ ಬಾಯಿಗೆ ಹೋಗುವುದಲ್ಲವೇ?

ಆ ಗಂಟನ್ನು ಬಿಚ್ಚಿ ನಾನು ಬಿಯರ್ ಮಾಡಿದೆ. ಭಾನುವಾರ ಬೆಳಗ್ಗೆ ಮಾಲ್ಟ್ ಪುಡಿ ಮಾಡಿ ಬಿಸಿನೀರಿನಲ್ಲಿ ನೆನೆಸಿ, ರಸ ಬಸಿದು, ಹಾಪ್ಸ್ ಹಾಕಿ ಒಂದು ಗಂಟೆ ಕುದಿಸಿದೆ. ತಣಿದ ಮೇಲೆ ಯೀಸ್ಟ್ ಹಾಕಿ ಮುಚ್ಚಿಟ್ಟೆ. ಎರಡು ವಾರಕ್ಕೆ ಬಾಟ್ಲಿಗೆ ತುಂಬಿದೆ. ಇನ್ನೆರಡು ವಾರಕ್ಕೆ ಮುಚ್ಚಳ ತೆಗೆದೆ.

ಚೆನ್ನಾಗಿತ್ತು. ಅದರಲ್ಲೂ ಸುಳ್ಳು ಹೇಳಲಾರೆ. ನನ್ನ ಜೀವನದಲ್ಲಿ ನಾನು ಕೈಯಾರೆ ಮಾಡಿದ ಯಾವುದೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಮುಳಬಾಗಿಲಿನಿಂದ ಕರೆಸಿ ವೆಂಕಟರವಣಪ್ಪನಿಗೆ ಒಂದು ಲೋಟ ಕೊಟ್ಟೆ. ಆತ ಕುಡಿದು, ಲೋಟವನ್ನು ಬೆಳಕಿಗೆ ಹಿಡಿದು ನೋಡಿ, “ಮಾಲ್ಟ್ ಎಲ್ಲಿಂದ ತರಿಸಿದ್ರಿ ಸಾರ್?” ಎಂದು ಕೇಳಿದ. “ನಮ್ಮಕ್ಕ ಮಾಡಿದ್ದು” ಅಂದೆ. ಹೆಮ್ಮೆಯಿಂದಲೇ ಅಂದೆ. ಅಕ್ಕನಿಗೆ ವಿಷಯ ಗೊತ್ತಿಲ್ಲ ಎಂದು ಹೇಳಲಿಲ್ಲ. ಹೇಳಿದ್ದರೆ ಹೆಮ್ಮೆ ಎಲ್ಲಿ ಉಳಿಯುತ್ತಿತ್ತು?

ಉಳಿದ ಬಾಟ್ಲಿಗಳು ಹಿಂದಿನ ಸಣ್ಣ ರೂಮಿನಲ್ಲಿ ಮಂಚದ ಕೆಳಗಿದ್ದವು.

ಅನ್ನ ತಿನ್ನಿಸುವ ದಿನ ಅಕ್ಕ ಭಾವ ಮೊದಲ ಬಸ್ಸಿಗೇ ಬಂದರು. ಭಾವನಿಗೆ ಮಂಡಿನೋವು. ಸ್ವಲ್ಪ ಮಲಗಿರಲಿ ಎಂದು ನನ್ನಾಕೆ ಅವರನ್ನು ಅದೇ ರೂಮಿಗೆ ಕಳಿಸಿದಳು. ಐದೇ ನಿಮಿಷಕ್ಕೆ ಅವರು ಹೊರಗೆ ಬಂದು, ಶಾಮಿಯಾನದ ಆಚೆ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. “ಯಾಕೆ ಭಾವ?” ಅಂದೆ. “ಒಳಗೆ ಸೆಕೆ” ಅಂದರು. ಬಿಸಿಲಿನಲ್ಲಿ ಕೂತವರು ಒಳಗೆ ಸೆಕೆ ಎಂದರೆ ನನಗೆ ಅರ್ಥವಾಗಬೇಡವೇ? ಆಗಲಿಲ್ಲ. ನಾನು ಅಡುಗೆಯವರ ಹಿಂದೆ ಓಡಾಡುತ್ತಿದ್ದೆ.

ಊಟಕ್ಕೆ ಕೂತಾಗ ಅಕ್ಕ ನನ್ನ ಮಗಳು ಚೈತ್ರಳನ್ನು ಕೇಳಿದಳು. “ನಾನ್ ಮಾಡ್ಕೊಟ್ಟಿದ್ದ ಬಾರ್ಲಿ ಮಾಲ್ಟ್ ಕುಡಿಸಿದ್ರೇನಮ್ಮಾ ಮಗೂಗೆ? ಒಗ್ತಾ?”

“ಯಾವ ಮಾಲ್ಟ್ ಅತ್ತೆ?” ಅಂದಳು ಚೈತ್ರ.

ಎದುರು ಸಾಲಿನಲ್ಲಿದ್ದ ವೆಂಕಟರವಣಪ್ಪ, ಅಕ್ಕನ ಗುರುತು ಹತ್ತಿ, ಸಂತೋಷದಿಂದ ಆ ಹೊಗಳಿಕೆಯ ಮಾತು ಆಡಿದ್ದು ಆಗಲೇ.

ಅಕ್ಕ ನನ್ನನ್ನು ನೋಡಿದಳು. ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿಲ್ಲ. ಹೋಗಿ ಕೈ ತೊಳೆದಳು. ತೊಳೆದ ಕೈಯನ್ನು ಮತ್ತೆ ತೊಳೆದಳು. ಮಗುವನ್ನು ಮುಟ್ಟಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅದನ್ನು ನೋಡಿದಾಗ ನನಗೆ ಅಳು ಬಂತು. ಆಮೇಲೆ ಭಾವನ ಹತ್ತಿರ ಹೋಗಿ “ನಡೀರಿ” ಅಂದಳು. ಕಾರಿನಲ್ಲಿ ಬಿಡುತ್ತೇನೆ ಅಂದರೆ ಕೇಳಲಿಲ್ಲ.

ಗೇಟಿನ ಹತ್ತಿರ ಭಾವ ಒಂದು ನಿಮಿಷ ನಿಂತರು. ನನ್ನ ಭುಜ ತಟ್ಟಿ “ಪೋನೀಲೇ” ಅಂದರು. (ಹೋಗಲಿ ಬಿಡು ಅಂತ. ನಮ್ಮ ಕಡೆ ಸಮಾಧಾನ ಹೇಳುವಾಗ ತೆಲುಗೇ ಬಾಯಿಗೆ ಬರುತ್ತದೆ.) ಆಮೇಲೆ ದನಿ ತಗ್ಗಿಸಿ ಹೇಳಿದರು: “ಆ ರೂಮ್ಗೆ ಬೀಗ ಹಾಕ್ಬಿಡು. ನನ್ನಂಥೋರು ಯಾರಾದ್ರೂ ಹೋದಾರು.”

ಹದಿನೆಂಟು ವರ್ಷ ಕಷ್ಟಪಟ್ಟು ದೂರ ಇಟ್ಟಿದ್ದನ್ನು ನಾನು ಅವರ ಹಾಸಿಗೆಯ ಕೆಳಗೆ ಇಟ್ಟಿದ್ದೆ. ಅದನ್ನೂ ಅವರ ಹೆಂಡತಿಯ ಕೈಯಲ್ಲೇ ಮಾಡಿಸಿ.

ಮೂರು ವಾರ ಅಕ್ಕ ಫೋನ್ ಎತ್ತಲಿಲ್ಲ. ಬಾಟ್ಲಿಗಳನ್ನು ಬಚ್ಚಲಿಗೆ ಸುರಿದೆ. ಅದರಿಂದ ಏನಾದರೂ ಸರಿಹೋಯಿತೇ? ಇಲ್ಲ. “ಪ್ಯಾಕೆಟ್ ಮಾಲ್ಟ್ ಸಿಗ್ತಿತ್ತಲ್ಲ?” ಎಂದು ನನ್ನಾಕೆ ಒಂದೇ ಒಂದು ಸಲ ಕೇಳಿದಳು.

ಆದರೂ ಮನಸ್ಸು ನೆಪ ಹುಡುಕುತ್ತದೆ ನೋಡಿ. ಇಷ್ಟು ಸುಳ್ಳು ಯಾರ ಮನೆಯಲ್ಲಿ ಇಲ್ಲ ಸ್ವಾಮಿ? ಸುಮ್ಮನೆ ಚೆಕಪ್ ಎಂದು ಹೇಳಿ ಅಪ್ಪನನ್ನು ಆಪರೇಷನ್ನಿಗೆ ಸೇರಿಸುವುದಿಲ್ಲವೇ? ದೇವಸ್ಥಾನಕ್ಕೆ ಹೋಗಿಬರೋಣ ಎಂದು ಮಗಳನ್ನು ಹೊರಡಿಸುತ್ತೇವೆ, ಅಲ್ಲಿ ಗಂಡಿನ ಕಡೆಯವರು ಆಗಲೇ ಕೂತಿರುತ್ತಾರೆ. ಒಂದು ಸಹಿ ಹಾಕಮ್ಮ ಎಂದು ಅಮ್ಮನ ಮುಂದೆ ಕಾಗದ ಹಿಡಿಯುತ್ತೇವೆ, ಓದಲು ಕನ್ನಡಕ ಮಾತ್ರ ತಂದುಕೊಡುವುದಿಲ್ಲ. ಎಲ್ಲ ಅವರ ಒಳ್ಳೆಯದಕ್ಕೇ, ಪ್ರೀತಿಯಿಂದಲೇ. ನಾನು ಅದಕ್ಕಿಂತ ದೊಡ್ಡದೇನು ಮಾಡಿದೆ?

ಈ ನೆಪಗಳನ್ನೆಲ್ಲ ಕಟ್ಟಿಕೊಂಡು ಕಳೆದ ಭಾನುವಾರ ಯಲ್ದೂರಿಗೆ ಹೋದೆ. ಭಾವ ತೋಟದಲ್ಲಿದ್ದರು. ಅಕ್ಕ ಕುರುಡುಮಲೆಗೆ ಹೋಗಿ, ಒದ್ದೆ ಸೀರೆಯಲ್ಲಿ ಪ್ರದಕ್ಷಿಣೆ ಹಾಕಿ, ತಪ್ಪುಕಾಣಿಕೆ ಕಟ್ಟಿ ಬಂದಳೆಂದು ಅವರೇ ಹೇಳಿದರು. ಅವಳು ಮಹಡಿಯ ಮೇಲೆ ಯಾರದೋ ಮಗುವಿಗೆ ರಾಗಿ ಒಣಹಾಕುತ್ತಿದ್ದಳು.

“ತಪ್ಪಾಯ್ತು ಅಕ್ಕಾ” ಅಂದೆ.

“ನಿನ್ ತಪ್ಪಿಗೆ ನಾನ್ ಕಾಣಿಕೆ ಹಾಕ್ ಬಂದೆ.” ತಲೆ ಎತ್ತಲಿಲ್ಲ. ಕೈ ರಾಗಿಯಲ್ಲೇ ಆಡುತ್ತಿತ್ತು. “ನೀನ್ ಕುಡೀತೀಯ ಅಂತ ನಂಗೇನ್ ಗೊತ್ತಿಲ್ವಾ? ಅದ್ ನಿನ್ ಹಣೆಬರ. ಅದಕ್ಕಲ್ಲ ಕಣೋ. ಊರೋರೆಲ್ಲಾ ಬಂದು ಲೋಟ ಕೊಡು, ಈರುಳ್ಳಿ ಕೊಡು ಅಂತಾರೆ. ಕೊಡಲ್ಲ ಅಂತೀನಿ. ಬಯ್ಕೊಂಡು ಹೋಗ್ತಾರೆ. ಹೋಗ್ಲಿ. ಕೇಳಾದ್ರೂ ಕೇಳ್ತಾರಲ್ಲ. ನೀನ್ ಕೇಳ್ಲೇ ಇಲ್ವಲ್ಲೋ.”

“ಕೇಳಿದ್ರೆ ನೀನು ಆಗಲ್ಲ ಅಂತಿದ್ದೆ.”

“ಆಗಲ್ಲ ಅಂತಾನೇ ಅಂತಿದ್ದೆ. ಅದನ್ನ ನನ್ ಬಾಯಿಂದ ಬರಕ್ಕೆ ಬಿಡಬೇಕಾಗಿತ್ತು.”

ನಾನು ತಂದಿದ್ದ ನೆಪಗಳನ್ನೆಲ್ಲ ಅಲ್ಲೇ ನುಂಗಿಕೊಂಡೆ. ಅಕ್ಕ ರಾಗಿಯನ್ನು ಪೂರ್ತಿ ಹರಡಿ, ಎದ್ದು ನಿಂತು ಕೈ ಕೊಡವಿದಳು.

“ಈಗ ಕೇಳು” ಅಂದಳು.

“ಏನು?”

“ಅವತ್ತು ಏನ್ ಕೇಳಬೇಕಿತ್ತೋ ಅದನ್ನ. ಇದ್ದಿದ್ದನ್ನ ಇದ್ದಂಗೆ ಕೇಳು.”

ಅರವತ್ತು ಹತ್ತಿರವಾದ ನಾನು, ತರಗತಿಯಲ್ಲಿ ಎದ್ದು ನಿಂತ ಹುಡುಗನ ಹಾಗೆ ತೊದಲುತ್ತಾ ಕೇಳಿದೆ: “ಅಕ್ಕಾ, ನಾನು ಬಿಯರ್ ಮಾಡ್ತೀನಿ. ಅದಕ್ಕೆ ಬಾರ್ಲಿ ಮೊಳಕೆ ಕಟ್ಟಿಕೊಡ್ತೀಯಾ?”

“ಆಗಲ್ಲ.”

ಅಷ್ಟು ಹೇಳಿ, ನನ್ನ ಮುಖವನ್ನು ಒಂದು ಸಲ ಸರಿಯಾಗಿ ನೋಡಿ, “ಬಾ, ಊಟ ಮಾಡು” ಎಂದು ಕೆಳಗೆ ಇಳಿದಳು.

ನಿಮ್ಮನ್ನೂ ಒಂದು ಮಾತು ಕೇಳುತ್ತೇನೆ. ‘ಆಗಲ್ಲ’ ಎನ್ನಲು ಜಾಗ ಬಿಟ್ಟು, ನೀವು ನಿಮ್ಮ ಮನೆಯವರನ್ನು ಏನಾದರೂ ಕೇಳಿ ಎಷ್ಟು ಕಾಲವಾಯಿತು?