ಪಟಕ್ಕೆ ನಾಲ್ಕನೆಯವಳು

ಹೊಳೆನರಸೀಪುರಕ್ಕೆ ಬಂದ ನಾಲ್ಕನೆಯ ದಿನ, ಹೆಸರು ಕೂಡ ಗೊತ್ತಿಲ್ಲದ ಮೂರು ಜನರ ಪಕ್ಕ ನನ್ನನ್ನು ನಿಲ್ಲಿಸಿ ಫೋಟೋ ತೆಗೆದರು. ಸಂಜೆ ಹೇಮಾವತಿ ಹೊಳೆ ನೋಡಲೆಂದು ಹೋಗಿದ್ದೆ. ಗದಗಿನಲ್ಲಿ ಕೊಡಪಾನ ಸಾಲಿಗಿಟ್ಟು ಬೆಳೆದವಳಿಗೆ ಇಷ್ಟೊಂದು ನೀರು ಯಾರೂ ಕೇಳುವವರಿಲ್ಲದೆ ಸುಮ್ಮನೆ ಹರಿದುಹೋಗುವುದೇ ಒಂದು ಸೋಜಿಗ. ಮೆಟ್ಟಿಲ ಮೇಲೆ ಗಂಡ, ಹೆಂಡತಿ, ಮಗಳು ಸಾಲಾಗಿ ನಿಂತಿದ್ದರು. ಎದುರಿಗೆ ಹಾಸನದಿಂದ ಕರೆಸಿದ ಫೋಟೋದವನು ಕರಿಯ ಬಟ್ಟೆಯೊಳಗೆ ತಲೆ ತೂರಿಸಿಕೊಂಡಿದ್ದ. ಇದ್ದಕ್ಕಿದ್ದಂತೆ ಆ ಹೆಂಗಸು ಸಾಲು ಬಿಟ್ಟು ಬಂದು ನನ್ನ ರಟ್ಟೆ ಹಿಡಿದುಕೊಂಡರು.

"ಬಾರವ್ವ, ಒಂಚೂರು ನಿಂತ್ಕ ಬಾ. ಮೂರ್ ಜನ ಪಟ ತೆಗಿಸ್ಕಬಾರ್ದು."

ಏನು ಎತ್ತ ತಿಳಿಯುವ ಮೊದಲೇ ನಾನು ಆ ಹುಡುಗಿಯ ಪಕ್ಕ ನಿಂತಿದ್ದೆ. ಫೋಟೋದವನು "ಅಲ್ಲಾಡ್ಬೇಡಿ" ಅಂದ. ಅಲ್ಲಾಡಲಿಲ್ಲ. ಆಮೇಲೆ ಹುಡುಗಿಯೇ ಬಿಡಿಸಿ ಹೇಳಿದಳು: ಮೂವರು ಒಟ್ಟಿಗೆ ನಿಂತು ಪಟ ತೆಗೆಸಿಕೊಂಡರೆ ನಡುವಿನವರ ಆಯಸ್ಸು ಕಡಿಮೆಯಾಗುತ್ತದಂತೆ. ಅದಕ್ಕೇ ದಾರಿಯಲ್ಲಿ ಸಿಕ್ಕವರನ್ನಾದರೂ ಎಳೆದು ತಂದು ನಾಲ್ಕು ಮಾಡುತ್ತಾರೆ. ನಮ್ಮ ಮನೆಯಲ್ಲಿ ಇಂಥದ್ದನ್ನು ನಾನು ಕೇಳಿರಲಿಲ್ಲ. ಕೇಳಲು ನಮಗೆ ಪಟ ತೆಗೆಸುವ ರೂಢಿಯಾದರೂ ಎಲ್ಲಿತ್ತು?

ಆ ಹೆಂಗಸು ನಂಜಮ್ಮ. ಗಂಡ ತಿಮ್ಮೇಗೌಡರು, ಹೊಳೆಯಾಚೆ ಗದ್ದೆ ತೆಂಗು ಇದ್ದ ಹಳೆಯ ಮನೆತನ. ಮಗಳು ಲಕ್ಷ್ಮಿ, ಕರೆಯುವುದು ಲಚ್ಚಿ, ಹದಿನೇಳರ ಒಬ್ಬಳೇ ಮಗಳು. ರಾಜ್ಯ ಒಂದಾದ ಹೊಸದರಲ್ಲಿ ನನಗೆ ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಮದುವೆಯಾಗದ ಹೆಂಗಸಿಗೆ ಮನೆ ಕೊಡಲು ಊರೆಲ್ಲ ಹಿಂದೆಮುಂದೆ ನೋಡಿತ್ತು. ನಂಜಮ್ಮ ಮಾತ್ರ ನನ್ನ ಕೊರಳಿನ ಲಿಂಗವನ್ನೊಮ್ಮೆ ನೋಡಿ, "ನಮ್ಮನೇಲಿ ಬಾಡು ಬೇಯಿಸ್ತೀವಿ ಕಣವ್ವ, ನಿಂಗಾಯ್ತದಾ?" ಎಂದು ಕೇಳಿದರು. ಬಾಡು ಎಂದರೆ ಮಾಂಸ. ಆಗುತ್ತದೆ ಎಂದೆ. ಅವರ ಮುಂದಿನ ಕೋಣೆ ನನ್ನದಾಯಿತು. ನಾನಿದ್ದ ಅಷ್ಟೂ ವರ್ಷ ಅವರು ಬಾಡು ಬೇಯಿಸಿದ್ದು ಹಿತ್ತಿಲಿನಲ್ಲಿ ಮೂರು ಕಲ್ಲು ಹೂಡಿ.

ನಮ್ಮ ಕಡೆಯವರು ನನ್ನನ್ನು ಮೊದಲು ಕೇಳುವುದು ಊಟದ ಸುದ್ದಿ. ಇಲ್ಲಿ ರೊಟ್ಟಿ ಬಡಿಯುವ ಸದ್ದೇ ಇಲ್ಲ. ರಾಗಿಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ ಉಂಡೆ ಕಟ್ಟಿದರೆ ಮುದ್ದೆ. ಅದನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು. ನಾನು ಮೊದಲ ದಿನ ಅಗಿದೆ. ಲಚ್ಚಿ ನಕ್ಕು ನಕ್ಕು ಅಡುಗೆಮನೆಯಿಂದ ಎದ್ದುಹೋದಳು. ಮಾತಿನಲ್ಲಿಯೂ ಅದೇ ಪಾಡು. ನಮ್ಮ ಹಾಲು ಇವರಿಗೆ ಆಲು, ನಮ್ಮ ತೋಟ ಇವರಿಗೆ ತ್ವಾಟ. ನಾನು ಮಾತಿಗೊಂದು 'ರಿ' ಸೇರಿಸಿದರೆ ಶಾಲೆಯ ಹುಡುಗಿಯರು ಮರೆಯಲ್ಲಿ ಅಣಕಿಸುತ್ತಿದ್ದರು. ಒಂದು ವರ್ಷ ಕಳೆಯುವಷ್ಟರಲ್ಲಿ ಮುದ್ದೆ ನುಂಗಲು ಕಲಿತೆ. 'ರಿ' ಬಿಡಲಾಗಲಿಲ್ಲ.

ಕ್ಯಾಮೆರಾ ಬಂದದ್ದು ಎರಡನೆಯ ವರ್ಷ. ಸೈನ್ಯದ ಪಟಾಲಮಿನಲ್ಲಿದ್ದ ನಮ್ಮಣ್ಣ ಪುಣೆಯಿಂದ ಒಂದು ಡಬ್ಬಿ ಕ್ಯಾಮೆರಾ ತಂದುಕೊಟ್ಟ. "ಅವ್ವಗ ಓದಾಕ ಬರೂದಿಲ್ಲ. ನೀ ಪತ್ರ ಬರದ್ರ ಮಂದೀ ಕಡೆ ಓದಿಸ್ಕೋಬೇಕು. ಪಟಾ ಕಳಸು, ತಾನ ನೋಡ್ತಾಳ" ಎಂದ. ಅದನ್ನು ಹೊಟ್ಟೆಗೆ ಒತ್ತಿ ಹಿಡಿದು, ಮೇಲಿನ ಸಣ್ಣ ಗಾಜಿನಲ್ಲಿ ಬಗ್ಗಿ ನೋಡಿ, ಉಸಿರು ಬಿಗಿಹಿಡಿದು ಗುಂಡಿ ಒತ್ತಬೇಕು. ಫಿಲ್ಮಿನ ಒಂದು ಸುರುಳಿಗೆ ಎಂಟೇ ಪಟ. ತೊಳೆಸಲು ಹಾಸನಕ್ಕೆ ಕೊಟ್ಟು ಹದಿನೈದು ದಿನ ಕಾಯಬೇಕು.

ಆಮೇಲೆ ನಮ್ಮ ತಿರುಗಾಟಕ್ಕೆ ನೆಪವೇ ಬೇಕಿರಲಿಲ್ಲ. ಸುಗ್ಗಿ ಮುಗಿದು ಕೈ ಬಿಡುವಾಯಿತೆಂದರೆ ನಂಜಮ್ಮ ಚಿತ್ರಾನ್ನ, ಮೊಸರನ್ನ ಕಟ್ಟುವರು, ನಾವು ನಾಲ್ಕೂ ಜನ ಬೆಳಗಿನ ಬಸ್ಸು ಹತ್ತುವೆವು. ಮೂವರೂ ಒಟ್ಟಿಗೆ ಪಟಕ್ಕೆ ನಿಲ್ಲುವುದಾದರೆ ನಾಲ್ಕನೆಯವಳು ನಾನೇ. ಹಾಗಾಗಿ ಒತ್ತುವ ಕೆಲಸ ಅಲ್ಲಿ ಸಿಕ್ಕವರದು: ಬಸ್ಸಿನ ಕಂಡಕ್ಟರು, ಎಳನೀರಿನವನು, ಒಮ್ಮೆ ಒಬ್ಬ ಪೂಜಾರಿ. ಎಲ್ಲವೂ ಸೊಟ್ಟ. ಒಂದರಲ್ಲಿ ನನ್ನ ತಲೆಯಿಲ್ಲ, ಇನ್ನೊಂದರಲ್ಲಿ ನಾಲ್ವರಿಗೂ ಕಾಲಿಲ್ಲ. ಎಲ್ಲದರಲ್ಲೂ ಇದ್ದದ್ದು ಗೌಡರು ಕೋವಿಯ ಹಾಗೆ ಹೆಗಲಿಗೆ ಆನಿಸಿಕೊಂಡ ಛತ್ರಿ. ಗದಗಿನಲ್ಲಿ ಅವ್ವ ಅವನ್ನೆಲ್ಲ ಗೋಡೆಗೆ ಅಂಟಿಸಿದ್ದಳಂತೆ.

"ಒಂದೇ ಒಂದು ನಾನು ವತ್ತೀನಿ ಕಣಕ್ಕ" ಎಂದು ಲಚ್ಚಿ ಪ್ರತಿ ಸಲವೂ ಬೆನ್ನು ಹತ್ತುತ್ತಿದ್ದಳು. ಎಂಟರಲ್ಲಿ ಒಂದು ಹಾಳಾದೀತೆಂಬ ಜಿಪುಣತನ ನನ್ನದು. ದಾರಿಹೋಕರ ಕೈಗೆ ಕೊಟ್ಟ ಕ್ಯಾಮೆರಾವನ್ನು ಅವಳ ಕೈಗೆ ಕೊಡಲಿಲ್ಲ. ಮುಂದಿನ ಸುರುಳಿಗೆ ನೋಡೋಣ ಎನ್ನುತ್ತಿದ್ದೆ.

ಲಚ್ಚಿಗೆ ಮದುವೆ ಮಾತು ನಡೆಯುತ್ತಿದ್ದ ವರ್ಷ ಅರಕಲಗೂಡಿನ ಮೇಲೆ ರಾಮನಾಥಪುರಕ್ಕೆ ಹೋದೆವು. ಅಲ್ಲಿ ಕಾವೇರಿಯ ಮೆಟ್ಟಿಲ ಬಳಿ ಕಡಲೆಪುರಿ ಚೆಲ್ಲಿದರೆ ಮೀನುಗಳು ಒಂದರ ಮೇಲೊಂದು ಬಿದ್ದು ಬರುತ್ತವೆ. ಲಚ್ಚಿ ಮಂಡಿಯವರೆಗೆ ಸೀರೆ ಎತ್ತಿಕೊಂಡು ನೀರಿಗಿಳಿದು, ಮೀನು ಕಾಲಿಗೆ ತಾಗಿದಾಗಲೆಲ್ಲ ಕಿಲಕಿಲ ಎನ್ನುತ್ತಿದ್ದಳು. ಊಟಕ್ಕೆ ಕೂರುವ ಹೊತ್ತಿಗೆ ಅರಕಲಗೂಡಿನ ಕಡೆಯ ಹೆಂಗಸೊಬ್ಬರು ಬಂದು ನಂಜಮ್ಮನವರನ್ನು ಮಾತಾಡಿಸಿದರು. ನನ್ನತ್ತ ಗದ್ದ ತೋರಿಸಿ, "ಯಾರಿದು?" ಎಂದರು.

"ಯಾರೂ ಇಲ್ಲ ಕಣಕ್ಕ. ನಮ್ಮನೇಲಿ ಬಾಡಿಗೆಗವ್ರೆ. ಪಟಕ್ಕೆ ಒಂದ್ ಜನ ಬೇಕಲ್ಲ, ಕರ್ಕಂಡ್ ಬಂದೋ."

ನಾನು ಎಲೆ ಹಾಸುತ್ತಿದ್ದೆ. ಆ ಮಾತು ಎದೆಗೆ ನಾಟಿತು. ಮೂರು ವರ್ಷ ಅವರ ಒಲೆಯ ಮುಂದೆ ಕೂತು ಉಂಡಿದ್ದೆ. ಅವ್ವನಿಗೆ ಹೇಳಿಕೊಳ್ಳದ್ದನ್ನೆಲ್ಲ ನಂಜಮ್ಮನವರಿಗೆ ಹೇಳಿಕೊಂಡಿದ್ದೆ. ಇಷ್ಟಾಗಿಯೂ ನಾನು ಲೆಕ್ಕ ತುಂಬಿಸುವ ಒಂದು ತಲೆ ಅಷ್ಟೇ. ಎಲೆಯಲ್ಲಿ ಅರ್ಧ ಅನ್ನ ಬಿಟ್ಟು ಎದ್ದೆ. ಯಾರೂ ಅದನ್ನು ಗಮನಿಸಲಿಲ್ಲ ಎಂಬುದಕ್ಕೂ ಸಿಟ್ಟು ಬಂತು.

ಬಿಸಿಲು ಇಳಿಯುವಾಗ ಸುರುಳಿಯಲ್ಲಿ ಕೊನೆಯದೊಂದು ಉಳಿದಿತ್ತು. ಮೂವರೂ ಮೆಟ್ಟಿಲ ಮೇಲೆ ಕೂತರು, ಲಚ್ಚಿ ನಡುವೆ. ಆ ಅರಕಲಗೂಡಿನ ಹೆಂಗಸು ಇನ್ನೂ ಮೇಲಿನ ಮೆಟ್ಟಿಲಲ್ಲೇ ಇದ್ದರು. ನಂಜಮ್ಮ ನನ್ನನ್ನು ಕರೆದರು.

"ಬಾರವ್ವ, ಯಾರ್ ಕೈಗಾದ್ರೂ ಕೊಟ್ಟು ನೀನೂ ಕೂತ್ಕ."

"ನಾ ಯಾಕ್ರಿ? ನಾ ಯಾರೂ ಅಲ್ಲಲ್ರಿ. ಸುಮ್ನ ಕುಂದರ್ರಿ, ಒಂದರ ನೆಟ್ಟಗ ಬರಲಿ" ಎಂದೆ.

ನಂಜಮ್ಮನವರ ಮುಖ ಸಣ್ಣದಾಯಿತು. "ಮೂರ್ ಜನ ಬ್ಯಾಡ ಕಣವ್ವ" ಎನ್ನುತ್ತ ಏಳಲು ಹೋದರು. ಮಗಳ ಭುಜದ ಮೇಲೆ ಅವರು ಕೈಯೂರಿದ ಗಳಿಗೆಯಲ್ಲೇ, ಎದ್ದುಬಿಟ್ಟಾರೆಂದು ನಾನು ಗುಂಡಿ ಒತ್ತಿದೆ. ಬೇಕೆಂದೇ ಒತ್ತಿದೆ.

ನಾನು ತೆಗೆದವುಗಳಲ್ಲೆಲ್ಲ ಅದೇ ಚೆಂದದ ಪಟ. ನೆಟ್ಟಗಿತ್ತು, ಲಚ್ಚಿಯ ಹಲ್ಲು ಕೂಡ ಎಣಿಸಬಹುದಿತ್ತು. ನಂಜಮ್ಮ ಅದನ್ನೊಮ್ಮೆ ನೋಡಿ ಪೆಟ್ಟಿಗೆಯ ತಳಕ್ಕೆ ಹಾಕಿದರು. ಮುಂದಿನ ತಿರುಗಾಟ ಶ್ರವಣಬೆಳಗೊಳಕ್ಕೆ ಎಂದು ಲಚ್ಚಿ ಗೊತ್ತು ಮಾಡಿದ್ದಳು. ಅದಕ್ಕೆಂದು ಒಂದು ಸುರುಳಿಯನ್ನೂ ತಂದಿಟ್ಟಿದ್ದೆ. ಅಷ್ಟರಲ್ಲಿ ಮಳೆಗಾಲ ಹಿಡಿಯಿತು, ಊರಿಗೆ ಜ್ವರ ಬಂತು. ಇಪ್ಪತ್ತೊಂದು ದಿನದ ಜ್ವರ ಅಂದರು. ಹದಿನೆಂಟನೆಯ ದಿನ ಬೆಳಿಗ್ಗೆ ಲಚ್ಚಿ ಹೋದಳು. ಅವಳ ಕಾಲಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದವಳು ನಾನು. ಕಾಲು ತಣ್ಣಗಾದದ್ದು ನನಗೇ ಮೊದಲು ತಿಳಿಯಿತು.

ಮಾತಾಡಿಸಲು ಬಂದವರಲ್ಲಿ ಆ ಅರಕಲಗೂಡಿನ ಹೆಂಗಸೂ ಇದ್ದರು. ನಡುಮನೆಯಲ್ಲಿ ಎಲ್ಲರಿಗೂ ಕೇಳುವಂತೆ, "ಮೂರ್ ಜನುನ್ನ ಕೂರ್ಸಿ ತೆಗುದ್ಲಲ್ಲ ಆ ಟೀಚರಮ್ಮ. ನಡುವೆ ಇದ್ದೋಳೇ ಓದ್ಲು" ಎಂದರು. ನಂಜಮ್ಮ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಅವರು ಒಂದು ಮಾತು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಗೋಡೆಗೆ ಹಾಕಲು ಲಚ್ಚಿಯ ಪಟ ಬೇಕಾಯಿತು. ಉಳಿದವೆಲ್ಲ ಸೊಟ್ಟ, ಮಸುಕು. ಕೊನೆಗೆ ಪೆಟ್ಟಿಗೆಯ ತಳದ್ದೇ ಹೊರಬಂತು. ನಾನೂ ಗೌಡರೂ ಅದನ್ನು ಹಾಸನಕ್ಕೆ ಒಯ್ದೆವು. ಸ್ಟುಡಿಯೋದವನು ಅಪ್ಪ ಅವ್ವನನ್ನು ಕತ್ತರಿಸಿ ತೆಗೆದು, ಲಚ್ಚಿಯೊಬ್ಬಳನ್ನೇ ದೊಡ್ಡದು ಮಾಡಿದ. ಭುಜದ ಮೇಲೆ ನಂಜಮ್ಮನವರ ನಾಲ್ಕು ಬೆರಳು ಉಳಿದುಕೊಂಡವು. ಬಣ್ಣ ಬಳಿದು ಮುಚ್ಚಿಬಿಡಲೇ ಎಂದು ಕೇಳಿದ. ಗೌಡರು ಛತ್ರಿಯ ತುದಿಯಿಂದ ನೆಲ ಕೆರೆಯುತ್ತ, "ಇರ್ಲಿ ಬುಡಪ್ಪ" ಎಂದರು. ಆ ಪಟದ ಕೆಳಗೆ ದಿನವೂ ಓಡಾಡಲು ನನ್ನಿಂದ ಆಗಲಿಲ್ಲ. ಚನ್ನರಾಯಪಟ್ಟಣಕ್ಕೆ ವರ್ಗ ಕೇಳಿಕೊಂಡೆ. ಹೊರಟ ದಿನ ನಂಜಮ್ಮ ಒಂದು ಚೀಲ ರಾಗಿಹಿಟ್ಟು ಬಸ್ಸಿಗೆ ಹಾಕಿಸಿದರು.

ಚನ್ನರಾಯಪಟ್ಟಣದಲ್ಲಿ ಮನೆ ಸುಲಭವಾಗಿ ಸಿಕ್ಕಿತು, ಈಗ ನನಗೆ ಈ ಕಡೆಯ ಮಾತು ಬರುತ್ತಿತ್ತು. ಒಬ್ಬಳೇ ಮುದ್ದೆ ಮಾಡಿ ಒಬ್ಬಳೇ ನುಂಗುತ್ತಿದ್ದೆ. ಕ್ಯಾಮೆರಾವನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಪಟ ಯಾಕೆ ಬರುತ್ತಿಲ್ಲ ಎಂದು ಅವ್ವ, ಪಟಾಲಮು ಬಿಟ್ಟು ಊರಿಗೆ ಬಂದಿದ್ದ ಅಣ್ಣನ ಕೈಯಲ್ಲಿ ಬರೆಸಿ ಕೇಳುತ್ತಿದ್ದಳು. ಸುರುಳಿ ಸಿಗುತ್ತಿಲ್ಲ ಎಂದು ಸುಳ್ಳು ಬರೆದೆ.

ಒಂದೂವರೆ ವರ್ಷ ಕಳೆದು, ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ನಂಜಮ್ಮನವರೂ ಗೌಡರೂ ನಿಂತಿದ್ದಾರೆ. ನಂಜಮ್ಮನವರ ಕಂಕುಳಲ್ಲಿ ಬುತ್ತಿಯ ಗಂಟು.

"ಬೆಳಗೊಳಕ್ಕೆ ಓಗಾನ ನಡಿಯವ್ವ. ಅವಳು ಆಸೆ ಪಟ್ಟಿದ್ಲು. ಆ ಡಬ್ಬನೂ ತಕ್ಕ."

ಬೆಟ್ಟ ಹತ್ತುವಾಗ ಅರ್ಧದಲ್ಲಿ ಉಸಿರು ಕಟ್ಟಿ ನಂಜಮ್ಮ ಬಂಡೆಯ ಮೇಲೆ ಕೂತರು. ಗೌಡರು ಮುಂದೆ ಹೋಗಿದ್ದರು. ಕೆಳಗೆ ಕೊಳ, ಸುತ್ತ ಹೊಲ. ಅಷ್ಟು ದಿನ ನುಂಗಿಕೊಂಡಿದ್ದನ್ನು ಅಲ್ಲಿ ಹೇಳಿದೆ.

"ನಂಜಮ್ಮಾರ, ಅವತ್ತ ನಾ ಕುಂತಿದ್ರ..."

"ಜ್ವರ ಬಂದು ಓದ್ಲು ಕಣವ್ವ. ಅದೇ ಜ್ವರಕ್ಕೆ ನಮ್ ಬೀದೀಲಿ ಇನ್ನೂ ಇಬ್ರು ಓದ್ರು. ಅವ್ರುನ್ನ ಯಾರ್ ಪಟ ತೆಗುದಿದ್ರು?" ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. "ಯಾರೂ ಇಲ್ಲ ಅಂದಿದ್ದು ಕೇಳುಸ್ಕಂಡೆ ಅಲ್ವಾ ನೀನು? ಆಯಮ್ಮ ಲಚ್ಚಿನ ಕೇಳಿದ್ ಗಂಡಿನ ಕಡೆಯೋಳು. ನಮ್ಮೋಳು ಅಂದಿದ್ರೆ ಯಾವ್ ಜಾತಿ, ಯಾಕ್ ಮದ್ವೆ ಆಗಿಲ್ಲ, ಎಲ್ಲಾನೂ ನಿನ್ ಬಾಯಿಂದಲೇ ಏಳುಸೋಳು. ಅದುಕ್ಕೆ ಅಂಗಂದೆ."

ನಾನು ಅತ್ತೆ. ಅವರೂ ಅತ್ತರು. ಬೆಟ್ಟ ಇಳಿದ ಮೇಲೆ ಕೊಳದ ಪಕ್ಕ ಕ್ಯಾಮೆರಾಕ್ಕೆ ಆ ಹಳೆಯ ಸುರುಳಿಯನ್ನೇ ಹಾಕಿದೆ. ಕಡಲೆಪುರಿ ಮಾರುತ್ತಿದ್ದವನ ಕೈಗೆ ಕೊಟ್ಟು ಒತ್ತುವುದು ಹೇಳಿಕೊಟ್ಟೆ. ತಿರುಗಿ ನೋಡಿದರೆ ನಾವು ಮೂವರು. ಕಣ್ಣು ನಾಲ್ಕನೆಯವರನ್ನು ಹುಡುಕಿತು. ಆಮೇಲೆ ಹುಡುಕುವುದನ್ನು ಬಿಟ್ಟು ನಾನೇ ಹೋಗಿ ನಡುವೆ ನಿಂತೆ.

ನಂಜಮ್ಮ ನನ್ನ ರಟ್ಟೆ ಹಿಡಿದರು. ಹೊಳೆಯ ದಂಡೆಯಲ್ಲಿ ಮೊದಲ ಸಲ ಹಿಡಿದಂತೆಯೇ. "ಈ ಕಡೀಕ್ ಬಾ. ಅದು ನನ್ ಜಾಗ."

"ಬ್ಯಾಡ್ರಿ. ತಡೀರಿ, ಯಾರನ್ನರ ಕರೀತೀನಿ."

"ಯಾರೂ ಬ್ಯಾಡ. ನಾವ್ ಇರಾದೇ ಮೂರ್ ಜನ."

ಗೌಡರು ಛತ್ರಿಯನ್ನು ಹೆಗಲಿಗೆ ಆನಿಸಿದರು. ಪುರಿಯವನು ಒತ್ತಿದ. ಜ್ವರ ಬಂದು ಹೋದಳು ಎಂದವರು, ಪಟದಲ್ಲಿ ಏನೂ ಇಲ್ಲ ಎಂದವರು, ಮತ್ತೆ ನಡುವಿನ ಜಾಗವನ್ನೇ ಯಾಕೆ ಕೇಳಿದರು? ನಾನು ಕೇಳಲಿಲ್ಲ, ನನಗೆ ಗೊತ್ತು.

ಪಟ ಎಂದಿನಂತೆ ಸೊಟ್ಟ ಬಂತು. ಒಂದು ಪ್ರತಿ ಗದಗಿಗೆ ಕಳಿಸಿದೆ. 'ನಿನ್ನ ಕೈ ಹಿಡಕೊಂಡು ನಡುವೆ ನಿಂತಾಕಿ ನಿನಗ ಏನಾಗಬೇಕು ಅಂತ ಅವ್ವ ಕೇಳ್ತಾಳ, ಮೊದಲಿನ ಪಟದಾಗಿನಕಿಂತ ಆಕಿ ಬಾಳ ಸೊರಗ್ಯಾಳ ಅಂತಾಳ' ಎಂದು ಅಣ್ಣ ಬರೆದ. ಹಳೆಯ ಬಾಡಿಗೆ ಮನೆಯವರು ಎಂದು ಬರೆದು ಹೊಡೆದು ಹಾಕಿದೆ. ಆ ಸಾಲಿನಲ್ಲಿ ಬೇರೇನು ಬರೆಯಬೇಕೆಂದು ಇನ್ನೂ ತಿಳಿದಿಲ್ಲ. ನಾನು ಮಕ್ಕಳಿಗೆ ವಿಜ್ಞಾನದ ಪಾಠ ಹೇಳುವವಳು, ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ದಿನಾ ಶಾಲೆ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿಗೆ ಹೋಗಿ ಹೊಳೆನರಸೀಪುರದ ಬಸ್ಸಿಗೆ ಕಾಯುತ್ತೇನೆ. ಕಂಡಕ್ಟರು ಇಳಿಯುವಾಗಲೇ, "ನಂಜಮ್ಮಾರು ಚೆನ್ನಾಗವ್ರೆ ಕಣ್ರವ್ವ" ಎನ್ನುತ್ತಾನೆ. ಆಮೇಲೆ ಮನೆಗೆ ಬಂದು ಒಲೆ ಹಚ್ಚುತ್ತೇನೆ.

ಈ ಬೇಸಿಗೆ ರಜೆಗೆ ಊರಿಗೆ ಬಾ ಎಂದು ಅವ್ವ ಹಟ ಹಿಡಿದಿದ್ದಾಳೆ. ಹೋಗಬೇಕೆಂದು ನನಗೂ ಬಹಳ ಆಸೆ. ರೊಟ್ಟಿ ಬಡಿಯುವ ಸದ್ದು ಕಿವಿಯಲ್ಲೇ ಇದೆ. ಆದರೆ ಗದಗಿನ ಸ್ಟ್ಯಾಂಡಿಗೆ ನರಸೀಪುರದ ಬಸ್ಸು ಬರುವುದಿಲ್ಲ.