ದಿಬ್ಬಣ ತಂದ ಲಾರಿ

ಗೆಳೆಯರೇ, ನಾನು ಡ್ರೈವರಾಗಿ ವರ್ಷಗಟ್ಟಲೆ ಕೊಬ್ಬರಿ ಸಾಗಿಸಿದ ಉದ್ದ ಮೂತಿಯ ಹಳೇ ಲಾರಿಯನ್ನು ಇವತ್ತು ಗುಜರಿಯವರು ಕತ್ತರಿಸುತ್ತಾರೆಂದು ತಿಳಿದು, ಕೊನೇ ಸಲ ನೋಡಲು ಹಂದನಕೆರೆಗೆ ಹೋಗಿದ್ದೆ. ಅಲ್ಲಿ ನೋಡಿದರೆ ಲಾರಿ ಮಾಲೀಕನ ತಾಯಿ ಗಂಗಮ್ಮ ಕ್ಯಾಬಿನ್ನಿನಲ್ಲಿ ಕೂತು ಬಾಗಿಲು ಹಾಕಿಕೊಂಡಿದ್ದಾರೆ! ಗುಜರಿಯವನು ತೆಂಗಿನಮರದ ಕೆಳಗೆ ಬೀಡಿ ಸೇದುತ್ತಿದ್ದ.

"ಅವ್ವಾ, ಇಳಿಯವ್ವ. ತುಕ್ಕು ಹಿಡ್ದಿರೋ ಕಬ್ಬಿಣ ಕಣವ್ವ ಅದು," ಎಂದು ಮಗ ಗೋಗರೆಯುತ್ತಿದ್ದ.

"ನಾನು ಮದುವಣಗಿತ್ತಿಯಾಗಿ ಈ ಊರಿಗೆ ಬಂದಿದ್ದು ಇದ್ರಲ್ಲೇ ಕಣ್ಲಾ. ಬೋರನಕಣಿವೆ ಇಳಿಜಾರಲ್ಲಿ ಬ್ರೇಕ್ ಹೋದಾಗ, ದಿಬ್ಬಣದೋರ್ನೆಲ್ಲ ಉಳಿಸಿದ್ದು ಅಗೋ, ಅಲ್ಲಿ ನಿಂತವ್ನಲ್ಲ, ಆ ಅಣ್ಣ!"

ಎಲ್ಲರೂ ನನ್ನತ್ತ ತಿರುಗಿದರು. ಗಂಗಮ್ಮನ ದನಿ ಮೆತ್ತಗಾಯಿತು.

"ಅವತ್ತು ಹೊಸ ಸೊಸೆ, ನಾಚ್ಕೆಗೆ ಒಂದ್ ಮಾತೂ ಆಡ್ಲಿಲ್ಲ. ನಿನ್ ಹೊಟ್ಟೆ ತಣ್ಣಗಿರ್ಲಿ ಕಣಣ್ಣ."

ನಾನು ಲಾರಿಯ ಹತ್ತಿರ ಹೋದೆ. "ಕೈಬಿಡದೆ ಕಾಪಾಡಿದ್ದು ಈ ಲಾರಿ ಕಣಮ್ಮ," ಎಂದಷ್ಟೇ ಹೇಳಿ, ಅದರ ಮೂತಿ ಸವರಿದೆ.

ಮಗ ನಕ್ಕು ಗುಜರಿಯವನನ್ನು ವಾಪಸ್ ಕಳಿಸಿದ. "ಇರ್ಲಿ ಬುಡವ್ವ, ಕೋಳಿ ಕೂಡಿ ಹಾಕಾಕಾದ್ರೂ ಆಯ್ತದೆ."

ಅಂತೂ ನನ್ನ ಲಾರಿಗೆ ಈ ವಯಸ್ಸಿನಲ್ಲೂ ಕೆಲಸ ಸಿಕ್ಕಿತು. ಈಗ ಸುಮ್ಮನೆ ಕೂತಿರುವವನು ನಾನೊಬ್ಬನೇ.